ಕಿವಿಯ ಹತ್ತಿರ ಮುರಿದ ಬಿಸ್ಕತ್ತು

ಮಕ್ಕಳ ತಿಂಡಿ ಮಾರುವ ಕಂಪೆನಿಗಳಿಗೆ ಹೊಸದಾಗಿ ಸೇರಿದ ಹುಡುಗರು ಒಮ್ಮೊಮ್ಮೆ ನಮ್ಮ ಮನೆಯ ಜಗಲಿಯಲ್ಲಿ ಬಂದು ಕೂರುವುದುಂಟು. ಕುತ್ತಿಗೆಗೆ ಟೈ, ಕೈಯಲ್ಲಿ ಮೊಬೈಲು, ಶೂಸಿಗೆ ಬಂಟ್ವಾಳದ ಕೆಸರು. "ಶೆಟ್ರೇ, ನಿಮ್ಮ ಕಾಲದಲ್ಲಿ ಹೇಗೆ ಮಾರ್ತಿದ್ದದ್ದು?" ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಯಾರದೋ ಮೊಬೈಲು ಬಡಿದುಕೊಳ್ಳುತ್ತದೆ, ಅವರು ಎದ್ದು ಅಂಗಳಕ್ಕಿಳಿಯುತ್ತಾರೆ. ನನ್ನ ಕತೆ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೇ ಬರೆದಿಡುವುದು ವಾಸಿ ಎಂದು ಕೂತಿದ್ದೇನೆ. ನನಗೆ ಸಿಕ್ಕಿದ ಬಡ್ತಿಗಳ ವಿಷಯ ಇದರಲ್ಲಿಲ್ಲ. ಅವು ನನ್ನ ಹೆಂಡತಿಗೇ ನೆನಪಿಲ್ಲ.

ನಾನು ಸೇರಿದ್ದು ಮಂಗಳೂರಿನ ಒಂದು ಸಣ್ಣ ಬಿಸ್ಕತ್ತು ಕಂಪೆನಿಗೆ. ಅದು ಈಗಿಲ್ಲ. ಐವತ್ತರ ದಶಕದ ಕೊನೆಯ ಭಾಗ, ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಅಂಗಡಿಗಳು ಮತ್ತು ಶಾಲೆಗಳು ನನ್ನ ಪಾಲಿಗೆ ಬಂದವು. ಆಗ ಪ್ಯಾಕೆಟ್ ಎಂಬುದು ನಮ್ಮಲ್ಲಿರಲಿಲ್ಲ. ದೊಡ್ಡ ಚೌಕದ ತಗಡಿನ ಡಬ್ಬದಲ್ಲಿ ಬಿಸ್ಕತ್ತು ಬರುತ್ತಿತ್ತು. ಅಂಗಡಿಯವರು ಮುಚ್ಚಳ ತೆಗೆದು ಬಿಡಿಬಿಡಿಯಾಗಿ ಮಾರುತ್ತಿದ್ದರು. ಡಬ್ಬವನ್ನು ಬಸ್ಸಿನ ಮೇಲೆ ಹಾಕಿಸಿ, ನಾನು ಒಳಗೆ ಕೂತು, ಇಳಿದಲ್ಲಿಂದ ಹೆಗಲ ಮೇಲೆ ಹೊತ್ತು ನಡೆಯುವುದೇ ನನ್ನ ಉದ್ಯೋಗ.

ಮೊದಲ ಪೆಟ್ಟು ಬಿದ್ದದ್ದು ಬೆಳ್ತಂಗಡಿಯ ಆಚೆ, ನೆರಿಯದ ಶಾಲೆಯಲ್ಲಿ. ಕಂಪೆನಿ ನನಗೊಂದು ಭಾಷಣ ಬರೆದುಕೊಟ್ಟಿತ್ತು. "ಬಾಲಕ ಬಾಲಕಿಯರೇ, ದೇಹಪುಷ್ಟಿಗೂ ಬುದ್ಧಿವಿಕಾಸಕ್ಕೂ ಅತ್ಯಾವಶ್ಯಕವಾದ" ಎಂದು ಶುರುವಾಗಿ ಉಸಿರು ಕಟ್ಟುವವರೆಗೆ ಹೋಗುವ ಭಾಷಣ. ಕಾಡಂಚಿನ ಆ ಶಾಲೆಯಲ್ಲಿ ನಾನು ಪ್ಯಾಂಟು ಹಾಕಿ, ಡಬ್ಬವನ್ನು ಮೇಜಿನ ಮೇಲಿಟ್ಟು, ಅದನ್ನು ಗಟ್ಟಿಯಾಗಿ ಒಪ್ಪಿಸಿದೆ. ಮನೆಯಲ್ಲಿ ತುಳು ಬಿಟ್ಟು ಬೇರೆ ಕೇಳದ ಆ ಮಕ್ಕಳಿಗೆ ಅರ್ಥವಾದದ್ದು ಎರಡೇ ಸಂಗತಿ: ಪ್ಯಾಂಟು ಮತ್ತು ಡಬ್ಬ. ಸಿಡುಬಿಗೆ ಚುಚ್ಚುವವರು ಬಂದಿದ್ದಾರೆ ಎಂದು ಒಬ್ಬ ಕೂಗಿದ. ಮುಂದಿನ ಸಾಲಿನವರು ಬಾಗಿಲಿನಿಂದ, ಹಿಂದಿನ ಸಾಲಿನವರು ಕಿಟಕಿಯಿಂದ ಓಡಿದರು. ಮಾಸ್ಟ್ರು ಮತ್ತು ನಾನು ಎದುರುಬದುರು ಕೂತು ಒಂದೊಂದು ಬಿಸ್ಕತ್ತು ತಿಂದೆವು.

ಓಡಿಹೋಗದ ಮಕ್ಕಳಿಗೂ ಮಾರುವುದು ಸುಲಭವಿರಲಿಲ್ಲ. ಬಿಸ್ಕತ್ತೆಂದರೆ ಆಗ ನಮ್ಮ ಕಡೆ ಜ್ವರದವರ ಪಥ್ಯ. ಗಂಜಿ ಸೇರದಿದ್ದರೆ ಚಹಾದಲ್ಲಿ ಅದ್ದಿ ಕೊಡುವ ವಸ್ತು. ಕಲ್ಲಡ್ಕದ ಒಬ್ಬ ತಾಯಿ ನನ್ನನ್ನು ಚೆನ್ನಾಗಿ ಬೈದಿದ್ದರು: "ನೀವು ಶಾಲೆಗೆ ಬಂದು ಹೋದ ಮೇಲೆ ನಮ್ಮ ಮಾಣಿಗೆ ದಿನಾ ಜ್ವರ ಬರ್ತದೆ. ಹಣೆ ಮುಟ್ಟಿದ್ರೆ ತಣ್ಣಗೆ ಉಂಟು!" ಮೂಡುಬಿದಿರೆಯ ಜೈನರ ಅಂಗಡಿಯಲ್ಲಿ ಬೇರೆ ತನಿಖೆ. ಮೊಟ್ಟೆ ಹಾಕಿದ್ದೀರೋ ಇಲ್ಲವೋ ಎಂದು ಮೊದಲು ಹೇಳಬೇಕು, ಆಮೇಲೆ ಕೂರಬೇಕು. ಹಾಕಿರಲಿಲ್ಲ. ಆದರೂ ಪ್ರತಿ ಸಲ ಹೋದಾಗಲೂ ಕೇಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ವೈರಿ ಮಳೆ. ಜೂನಿನಲ್ಲಿ ಶಾಲೆ ಶುರುವಾಗುತ್ತದೆ, ಮಳೆಯೂ ಶುರುವಾಗುತ್ತದೆ. ಒಮ್ಮೆ ಮುಚ್ಚಳ ತೆಗೆದ ಡಬ್ಬದ ಬಿಸ್ಕತ್ತು ಥಂಡಿ ಹಿಡಿದು ಮೆತ್ತಗಾಗುತ್ತಿತ್ತು. ಹಾಗೆ ಮೆತ್ತಗಾದದ್ದನ್ನು ಒಮ್ಮೆ ತಿಂದ ಮಗು ಇನ್ನೊಮ್ಮೆ ಕೈಚಾಚುವುದಿಲ್ಲ. ಮಳೆಗಾಲದಲ್ಲಿ ನಾನು ಹೋದ ದಾರಿಯಲ್ಲೇ ಡಬ್ಬ ಹೊತ್ತು ವಾಪಸು ಬರುತ್ತಿದ್ದೆ.

ಅಂಥ ಒಂದು ದಿನ ಪಾಣೆಮಂಗಳೂರಿನ ಹೋಟೆಲಿನಲ್ಲಿ ದೂಮಣ್ಣನ ಪರಿಚಯವಾಯಿತು. ಅವನು ಯಕ್ಷಗಾನದ ಒಂದು ಸಣ್ಣ ಮೇಳದಲ್ಲಿ ಹಾಸ್ಯಗಾರ. ಗಿಡ್ಡ ಆಳು, ಮೈಗಿಂತ ಮುಂದೆ ನಡೆಯುವ ಹೊಟ್ಟೆ. ಆ ಹೊಟ್ಟೆ ತುಂಬಿದ್ದು ಮಾತ್ರ ಕಡಿಮೆ. ಮೇ ತಿಂಗಳ ಕೊನೆಗೆ ಪತ್ತನಾಜೆಯ ದಿನ ಮೇಳದವರು ಗೆಜ್ಜೆ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ಮಳೆ ಹೋದ ಮೇಲೆ. ಅಲ್ಲಿಯವರೆಗೆ ಸಂಬಳವಿಲ್ಲ. ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು, ವಯಸ್ಸಾದ ತಾಯಿ. ಆ ದಿನ ಅವನು ಒಂದು ಚಹಾವನ್ನು ಎದುರಿಗಿಟ್ಟುಕೊಂಡು, ಪಕ್ಕದ ಮೇಜಿನ ಇಬ್ಬರು ಮಕ್ಕಳನ್ನು ಬರೀ ಹುಬ್ಬು ಕುಣಿಸಿ ನಗಿಸುತ್ತಿದ್ದ. ನಗು ತಡೆಯಲಾರದೆ ಮಕ್ಕಳು ಮೇಜಿನ ಕೆಳಗೆ ಹೋಗಿದ್ದರು. ನಾನು ಡಬ್ಬ ಕೆಳಗಿಟ್ಟು ಅವನ ಎದುರು ಕೂತೆ. ನಾವು ಆಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ದೂಮಣ್ಣ, ನನ್ನ ಒಟ್ಟಿಗೆ ಶಾಲೆಗಳಿಗೆ ಬರ್ತೀರಾ? ಮಳೆಗಾಲ ಪೂರ್ತಿ ಕಂಪೆನಿ ಸಂಬಳ ಕೊಡುವ ಹಾಗೆ ನಾನು ಮಾಡ್ತೇನೆ."

"ಬಿಸ್ಕುಟು ಮಾರ್ಲಿಕ್ಕಾ?"

"ಮಕ್ಕಳನ್ನು ನಿಲ್ಲಿಸ್ಲಿಕ್ಕೆ. ಮಾರುವುದು ನಾನು ಮಾಡ್ತೇನೆ."

"ನಿಲ್ಲಿಸುವ, ಅದಕ್ಕೇನಂತೆ," ಎಂದು ಚಹಾ ಮುಗಿಸಿದ.

ಕಂಪೆನಿಯ ಮ್ಯಾನೇಜರು ಪ್ರಭುಗಳು. ಮುಂಬಯಿಯಲ್ಲಿ ಕೆಲಸ ಕಲಿತು ಬಂದ ಶಿಸ್ತಿನ ಮನುಷ್ಯ. ಹಾಸ್ಯಗಾರ ಸಿಕ್ಕಿದ್ದಾನೆಂದು ತಿಳಿದದ್ದೇ ತಡ, ರಟ್ಟಿಗೆ ಬಂಗಾರದ ಕಾಗದ ಅಂಟಿಸಿ ಒಂದು ಕಿರೀಟ, ಒಂದು ಜೊತೆ ಗೆಜ್ಜೆ ಕಳಿಸಿಬಿಟ್ಟರು. ಕಿರೀಟದ ಹಣೆಯ ಮೇಲೆ ಕಂಪೆನಿಯ ಹೆಸರು. ನಾನೂ ತುಳುನಾಡಿನವನೇ, ಆದರೂ ತಲೆ ಓಡಲಿಲ್ಲ, ಅದನ್ನು ಹಿಡಿದುಕೊಂಡು ಖುಷಿಯಿಂದ ದೂಮಣ್ಣನ ಮನೆಗೆ ಹೋದೆ. ಅವನು ಮುಟ್ಟಲೇ ಇಲ್ಲ.

"ಎಂತ ಮಾರಾಯ್ರೇ ಇದು? ಪತ್ತನಾಜೆಗೆ ಬಿಚ್ಚಿದ ಗೆಜ್ಜೆಯನ್ನು ಆಟಿ ತಿಂಗಳ ಮಳೆಯಲ್ಲಿ ಬಿಸ್ಕುಟಿಗೆ ಕಟ್ಲಿಕ್ಕೆ ಆಗ್ತದಾ? ಮಳೆ ಹೋದ ಮೇಲೆ ದೇವರ ಎದುರು ಯಾವ ಮುಖ ಇಟ್ಕೊಂಡು ಕಟ್ಟುವುದು ನಾನು?"

"ಮತ್ತೆ ಮಕ್ಕಳು ನಿಲ್ಲುವುದು ಹೇಗೆ? ಒಂದು ಶಬ್ದ ಬೇಡವಾ?"

ಅವನು ನನ್ನ ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು, ಬಾಗಿಲಲ್ಲಿ ನಿಂತಿದ್ದ ಸಣ್ಣ ಮಗಳನ್ನು ಹತ್ತಿರ ಕರೆದು, ಅವಳ ಕಿವಿಯ ಪಕ್ಕದಲ್ಲಿ ಅದನ್ನು ಮುರಿದ. ಟಕ್ ಎಂದಿತು. ಮಗಳು ಹೆಗಲು ಕುಗ್ಗಿಸಿ ನಕ್ಕಳು.

"ಶಬ್ದ ಇದರಲ್ಲೇ ಉಂಟಲ್ಲ," ಎಂದ.

ಆ ಕಿರೀಟ ನಮ್ಮ ಮನೆಗೇ ಬಂತು. ನನ್ನ ಅಮ್ಮ ಅದನ್ನು ಮರಿ ಹಾಕಿದ ಬೆಕ್ಕಿಗೆ ಕೊಟ್ಟರು.

ಹೀಗೆ ನಮ್ಮ ಮೂರು ಮಳೆಗಾಲಗಳು ಶುರುವಾದವು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ, ಇಲ್ಲವೇ ಮಾಸ್ಟ್ರು ಒಪ್ಪಿದರೆ ಚಾವಡಿಯಲ್ಲೇ, ದೂಮಣ್ಣ ಕೊಡೆ ಹಿಡಿದು ನಿಲ್ಲುತ್ತಿದ್ದ. ಬಣ್ಣವಿಲ್ಲ, ವೇಷವಿಲ್ಲ. ಮುಂಡು, ಬನಿಯನು, ಹೊಟ್ಟೆ. ತಾನೊಬ್ಬ ರಾಕ್ಷಸ, ಹಸಿದು ಬಂದಿದ್ದೇನೆ, ಮೆತ್ತಗಿನದು ಏನು ಕೊಟ್ಟರೂ ತಿನ್ನುವುದಿಲ್ಲ, ಶಬ್ದ ಆಗಬೇಕು ಎಂದು ಗರ್ಜಿಸುತ್ತಿದ್ದ. ಡಬ್ಬದಿಂದ ಬಿಸ್ಕತ್ತು ತೆಗೆದು ತನ್ನ ಕಿವಿಯನ್ನೇ ನಂಬದವನ ಹಾಗೆ ಮುಖ ಮಾಡಿ, ಹತ್ತಿರದ ಮಗುವಿನ ಕಿವಿಯ ಬಳಿ ಮುರಿದು, "ಕೇನುಂಡಾ?" ಎಂದು ಕೇಳುತ್ತಿದ್ದ. ಕೇಳಿಸುತ್ತದಾ ಎಂದರ್ಥ. ಮಗು "ಕೇನುಂಡು!" ಎಂದರೆ ಒಂದು ತುಂಡು ಮಗುವಿಗೆ, ಇನ್ನೊಂದು ರಾಕ್ಷಸನಿಗೆ. ಕೇಳಿಸಿದವರಿಗೆ ಅರ್ಧ. ಇದು ಅವನು ಮಾಡಿದ ಕಾನೂನು.

ನಾನು ಬರೆದುಕೊಟ್ಟದ್ದಲ್ಲ, ಕಂಪೆನಿ ಹೇಳಿದ್ದಲ್ಲ. ಆದರೆ ಒಂದೇ ತಿಂಗಳಲ್ಲಿ ಆ ಕಾನೂನು ನಮಗಿಂತ ಮೊದಲೇ ಊರು ಸೇರತೊಡಗಿತು. ಬಂಟ್ವಾಳದಲ್ಲಿ ಆಡಿದ್ದನ್ನು ಮೂಡುಬಿದಿರೆಯ ಮಕ್ಕಳು ನಾವು ಹೋಗುವಾಗಲೇ ಆಡುತ್ತಿದ್ದರು. ಅಂಗಡಿಯಲ್ಲಿ ಬಿಸ್ಕತ್ತು ಕೊಂಡ ಮಗು ಅದನ್ನು ಹಾಗೆಯೇ ಬಾಯಿಗೆ ಹಾಕುತ್ತಿರಲಿಲ್ಲ. ಜೊತೆಗಿದ್ದವನ ಕಿವಿಯ ಬಳಿ ಮುರಿಯಬೇಕು, ಕೇಳಬೇಕು, ಅರ್ಧ ಕೊಡಬೇಕು. ಕಾಸಿಲ್ಲದ ಮಕ್ಕಳು ಅಂಗಡಿಯ ಮುಂದೆ ತಲೆ ಓರೆ ಮಾಡಿ, ಕಿವಿ ಮುಂದಿಟ್ಟು ನಿಲ್ಲುತ್ತಿದ್ದರು. ಅವರಿಗೆ ಕೈ ಚಾಚಬೇಕಾಗಿರಲಿಲ್ಲ. ಜುಲೈ-ಆಗಸ್ಟಿನ ಆಟಿ ತಿಂಗಳಿನಲ್ಲಿ ಎಷ್ಟೋ ಮನೆಗಳ ಅಕ್ಕಿ ಮುಡಿ ಖಾಲಿಯಾಗಿರುತ್ತಿದ್ದ ಕಾಲ ಅದು. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬಂದವರು ಯಾರು ಎಂದು ಮಾಸ್ಟ್ರುಗಳಿಗೂ ಗೊತ್ತಿರುತ್ತಿತ್ತು, ದೂಮಣ್ಣನಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅವನು ಅಂಥವರ ಕಿವಿಯನ್ನೇ ಹುಡುಕುತ್ತಿದ್ದ.

ಡಬ್ಬಗಳು ಖಾಲಿಯಾಗತೊಡಗಿದವು. ಬಿಸ್ಕತ್ತು ಜ್ವರದವರದ್ದು ಎಂಬ ಮಾತು ಹೋಯಿತು. ಆದರೆ ಪ್ರಭುಗಳ ಮುಖ ಅರಳಲಿಲ್ಲ.

"ಶೆಟ್ರೇ," ಎಂದರು ಮೂರನೆಯ ಮಳೆಗಾಲದಲ್ಲಿ, "ಒಂದು ಮಗು ಒಂದು ಬಿಸ್ಕುಟು ತಿನ್ನಬೇಕಾದಲ್ಲಿ ಎರಡು ಮಕ್ಕಳು ತಿನ್ನುತ್ತಾ ಇದ್ದಾರೆ. ಹಂಚಿ ತಿನ್ನಿ ಅಂತ ಕಲಿಸ್ಲಿಕ್ಕೆ ಮಾಸ್ಟ್ರು ಇದ್ದಾರೆ. ನಾವು ಅದಕ್ಕೆ ಸಂಬಳ ಕೊಡುವುದಾ?"

"ಅವನಿಲ್ಲದಿದ್ದರೆ ಮಳೆಗಾಲದಲ್ಲಿ ಒಂದೂ ಹೋಗುವುದಿಲ್ಲ ಸಾರ್," ಎಂದೆ.

"ನಾನೇ ಬಂದು ನೋಡ್ತೇನೆ. ಮುಂದಿನ ವರ್ಷಕ್ಕೆ ಅವನು ಬೇಕಾ ಬೇಡವಾ ಅಂತ ಆಮೇಲೆ ಹೇಳ್ತೇನೆ."

ಈ ಮಾತನ್ನು ದೂಮಣ್ಣನಿಗೆ ಹೇಳಿದೆ. ಹೇಳದೆ ಉಪಾಯವಿರಲಿಲ್ಲ. ಅವನ ಹಿರಿಯ ಮಗಳಿಗೆ ಸಂಬಂಧ ನೋಡುತ್ತಿದ್ದರು. ಮಳೆಗಾಲದ ಈ ಸಂಬಳವನ್ನು ನಂಬಿಯೇ ಮದುವೆಯ ಮಾತು ಎತ್ತಿದ್ದ. "ಬರಲಿ ಮಾರಾಯ್ರೇ, ದೊಡ್ಡ ದೊಡ್ಡ ಧಣಿಗಳ ಎದುರು ಕುಣಿದದ್ದುಂಟು," ಎಂದ. ಆದರೆ ಆ ದಿನ ಬಸ್ಸಿನಲ್ಲಿ ಅವನು ಯಾರನ್ನೂ ನಗಿಸಲಿಲ್ಲ.

ಬೆಳ್ತಂಗಡಿ ಪೇಟೆಯಿಂದ ಸ್ವಲ್ಪ ಒಳಗಿನ ಒಂದು ಶಾಲೆ. ಆಟಿಯ ಮಳೆ ದಪ್ಪ ಹನಿಯಾಗಿ ಬೀಳುತ್ತಿತ್ತು. ಬಸ್ಸಿನ ಮೇಲೆ ಡಬ್ಬಕ್ಕೆ ಹೊದಿಸಿದ ಟರ್ಪಾಲು ದಾರಿಯಲ್ಲೆಲ್ಲೋ ಹರಿದಿದೆ ಎಂಬುದು ನಮಗೆ ಇಳಿದ ಮೇಲೆಯೇ ತಿಳಿದದ್ದು. ಡಬ್ಬ ಒರೆಸಿ ಒಳಗೆ ಹೋದೆವು. ಪ್ರಭುಗಳು ಮಂಗಳೂರಿನಿಂದ ಕಾರಿನಲ್ಲಿ ಬಂದು, ಬಿಳಿ ಅಂಗಿಯಲ್ಲಿ ಮಾಸ್ಟ್ರ ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳು ನೆಲದ ಮೇಲೆ.

ದೂಮಣ್ಣ ಆ ದಿನ ಎಂದಿಗಿಂತ ಚೆನ್ನಾಗಿ ಗರ್ಜಿಸಿದ. ಮಕ್ಕಳು ಹೊಟ್ಟೆ ಹಿಡಿದು ನಕ್ಕರು, ಮಾಸ್ಟ್ರು ನಕ್ಕರು, ಪ್ರಭುಗಳ ಮೀಸೆಯೂ ಅಲ್ಲಾಡಿತು. ಆ ಹುರುಪಿನಲ್ಲಿ ದೂಮಣ್ಣ ಒಂದು ಬಿಸ್ಕತ್ತು ಹಿಡಿದು ನೇರವಾಗಿ ಕುರ್ಚಿಯ ಬಳಿಗೆ ಹೋದ. ಮ್ಯಾನೇಜರ ಕಿವಿಯ ಪಕ್ಕ ಬಿಸ್ಕತ್ತು ಹಿಡಿದ. ಮುರಿದ.

ಶಬ್ದ ಬರಲಿಲ್ಲ. ಥಂಡಿ ಹಿಡಿದ ಬಿಸ್ಕತ್ತು ಮಡಚಿಕೊಂಡು ಎರಡಾಯಿತು.

ಮಕ್ಕಳಿಗೆ ಅದೆಲ್ಲ ಕಾಣಲಿಲ್ಲ. ಶಾಲೆಗೆ ಶಾಲೆಯೇ ಒಟ್ಟಾಗಿ "ಕೇನುಂಡಾ?" ಎಂದು ಕೂಗಿತು. ಪ್ರಭುಗಳು ಸುಳ್ಳು ಹೇಳುವವರಲ್ಲ. ಎಲ್ಲರ ಮುಖ ನೋಡಿ, ಸ್ಪಷ್ಟವಾಗಿ, "ಇಲ್ಲ," ಎಂದರು.

ದೂಮಣ್ಣನ ಕೈಯಲ್ಲಿ ಎರಡು ತುಂಡು. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದೆ. ಆಗ ಮುಂದಿನ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತಳು. ತಲೆಗೂದಲು ಇನ್ನೂ ಒದ್ದೆ, ಲಂಗದ ಅಂಚಿನಿಂದ ನೀರು ಬಸಿಯುತ್ತಿತ್ತು.

"ಎಂಕ್ ಕೇನುಂಡು," ಎಂದಳು. ನನಗೆ ಕೇಳಿಸುತ್ತದೆ.

ಮಕ್ಕಳು ಗೊಳ್ಳೆಂದರು. ದೂಮಣ್ಣ ನಗಲಿಲ್ಲ. ರಾಜನ ಎದುರು ಬಾಗುವ ಹಾಗೆ ಸೊಂಟ ಬಾಗಿಸಿ, ಎರಡೂ ತುಂಡುಗಳನ್ನು ಆ ಹುಡುಗಿಯ ಕೈಯಲ್ಲಿಟ್ಟ.

ಹೊರಡುವಾಗ ಪ್ರಭುಗಳು ಕಾರಿನ ಬಾಗಿಲು ಹಿಡಿದು ನಿಂತು ಹೇಳಿದರು: "ಆ ಹುಡುಗಿಗೆ ಕೇಳ್ಲಿಲ್ಲ."

"ಇಲ್ಲ ಸಾರ್, ಕೇಳ್ಲಿಲ್ಲ," ಎಂದ ದೂಮಣ್ಣ. "ಅವಳು ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ."

"ಅದು ನನಗೂ ಗೊತ್ತಾಯ್ತು," ಎಂದರು ಪ್ರಭುಗಳು ಮೆಲ್ಲಗೆ. ಆಮೇಲೆ ಕಾರು ಹೋಯಿತು. ಅವರು ಕೆಟ್ಟವರಲ್ಲ. ಇದನ್ನು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಆದರೆ ಮರುವರ್ಷದ ತೀರ್ಮಾನ ಬೇರೆಯೇ ಆಗಿತ್ತು. ಪತ್ತನಾಜೆಗೆ ಮೊದಲು ಪ್ರಭುಗಳು ನನ್ನನ್ನು ಮಂಗಳೂರಿಗೆ ಕರೆಸಿ ಮೇಜಿನ ಮೇಲೆ ಒಂದು ಪ್ಯಾಕೆಟ್ ಇಟ್ಟರು. ಮೇಣದ ಕಾಗದದ ಹೊದಿಕೆ, ಮೇಲೆ ಕೆಂಪು ಕೆನ್ನೆಯ ಮಗುವಿನ ಚಿತ್ರ.

"ಇನ್ನು ಮೆತ್ತಗಾಗುವ ಪ್ರಶ್ನೆಯೇ ಇಲ್ಲ ಶೆಟ್ರೇ. ಒಳಗೆ ಒಂದು ಪ್ರಾಣಿಯ ಚಿತ್ರ ಇಡ್ತೇವೆ. ಎಲ್ಲ ಪ್ರಾಣಿ ಸೇರಿಸಿದವರಿಗೆ ಒಂದು ಪೀಪಿ. ಮಕ್ಕಳೇ ತಂದೆತಾಯಿಯನ್ನು ಎಳ್ಕೊಂಡು ಬರ್ತಾರೆ. ನಿಮ್ಮ ದೂಮಣ್ಣ ಇನ್ನು ಎಂತ ಮುರಿದು ತೋರಿಸುವುದು?"

ನಾನು ಜಗಳವಾಡಿದೆ. ಬೇರೆ ಕೆಲಸ ಕೊಡಿ, ಗೋದಾಮಿನಲ್ಲಿ ಇಡಿ ಎಂದೆ. ದನಿ ಎತ್ತರಿಸಿದೆ. ಅವರು ನನ್ನನ್ನು ಮುಗಿಸಲು ಬಿಟ್ಟು, ಕನ್ನಡಕ ಒರೆಸಿ, "ಆಗ್ಲಿಕ್ಕಿಲ್ಲ," ಎಂದರು.

ಪತ್ತನಾಜೆ ಕಳೆದು ದೂಮಣ್ಣನ ಮನೆಗೆ ಹೋದಾಗ ಅವನು ಮೊರದಂಥ ಗೆರಸೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುವುದನ್ನು ಮಗಳಿಂದ ಕಲಿಯುತ್ತಿದ್ದ. ಸುದ್ದಿ ಅವನಿಗೆ ಮೊದಲೇ ಅಂದಾಜಾಗಿತ್ತೆಂದು ಕಾಣುತ್ತದೆ. ಮಗಳ ಮದುವೆಯನ್ನು ಮುಂದಕ್ಕೆ ಹಾಕಿದ್ದರು. ನನಗೆ ಕೂರಲು ಮಣೆ ಕೊಟ್ಟ.

"ಬೇಸರ ಮಾಡ್ಬೇಡಿ ಶೆಟ್ರೇ. ನಮ್ಮ ಪಾತ್ರ ಆದ ಮೇಲೆ ಬಣ್ಣ ತೆಗೆದು ರಂಗದ ಹಿಂದಿನ ಚೌಕಿಯಲ್ಲಿ ಕೂರುವುದು ನಮಗೆ ಹೊಸದಲ್ಲ. ಎಲ್ಲಿ, ಆ ಹೊಸ ಪ್ಯಾಕೆಟ್ ತೋರಿಸಿ."

ಕೊಟ್ಟೆ. ಹೊದಿಕೆಯನ್ನು ಉಗುರಿನಿಂದ ಬಿಡಿಸಿ, ಒಂದು ಬಿಸ್ಕತ್ತು ತೆಗೆದು, ನನ್ನ ಕಿವಿಯ ಬಳಿ ತಂದು ಮುರಿದ. ಒಣ ಕಡ್ಡಿ ಮುರಿದ ಹಾಗೆ ಟಕ್ ಎಂದಿತು. ಹೊರಗೆ ಮೊದಲ ಮಳೆ ಬರುತ್ತಿತ್ತು, ಆದರೂ ಎಷ್ಟು ಚೆನ್ನಾಗಿ ಕೇಳಿಸಿತು!

"ಕೇನುಂಡಾ?"

"ಕೇನುಂಡು," ಎಂದೆ.

"ಒಳ್ಳೆ ಪ್ಯಾಕೆಟ್ ಮಾರಾಯ್ರೇ," ಎಂದು ಮನಸಾರೆ ಹೇಳಿ ಅರ್ಧ ನನಗೆ ಕೊಟ್ಟ.

ಪ್ಯಾಕೆಟ್ ಚೆನ್ನಾಗಿ ಹೋಯಿತು. ಅರುವತ್ತರ ದಶಕವಿಡೀ ನಾನು ಆನೆ, ಹುಲಿ, ಜಿರಾಫೆಗಳನ್ನು ಹೊತ್ತು ತಿರುಗಿದೆ. ಅದರಲ್ಲೂ ನಗು ಬರುವ ಕತೆಗಳಿವೆ. ಪ್ರೆಸ್ಸಿನವರು ಒಂದು ತಿಂಗಳು ಜಿರಾಫೆಯನ್ನು ಅಚ್ಚು ಹಾಕಲು ಮರೆತು, ಮೆಲ್ಕಾರಿನಿಂದ ಮೂಡುಬಿದಿರೆಯವರೆಗೆ ಮಕ್ಕಳು ನನ್ನನ್ನು ಕಂಡಲ್ಲೆಲ್ಲ ಜಿರಾಫೆ ಎಲ್ಲಿ ಎಂದು ಅಡ್ಡಗಟ್ಟುತ್ತಿದ್ದರು. ಹೊಸಬರಿಗೆ ಒಂದು ಬುದ್ಧಿಮಾತು: ಕೊಡಲಾಗದ್ದನ್ನು ಮಕ್ಕಳಿಗೆ ಕೊಡುತ್ತೇನೆಂದು ಹೇಳಲೇಬೇಡಿ. ದೊಡ್ಡವರು ಮರೆಯುತ್ತಾರೆ, ಅವರು ಮರೆಯುವುದಿಲ್ಲ.

ಆದರೆ ಪ್ಯಾಕೆಟ್ ಬಂದ ಮೇಲೆ ಒಂದು ಬದಲಾವಣೆ ನೋಡಿದೆ. ಮಕ್ಕಳು ಅದನ್ನು ಜೇಬಿನಲ್ಲಿಟ್ಟುಕೊಂಡು ಮರೆಗೆ ಹೋಗತೊಡಗಿದರು. ಒಳಗಿನ ಚಿತ್ರ ಯಾರಿಗೂ ಕಾಣಬಾರದು. ಅಂಗಡಿಯ ಮುಂದೆ ತಲೆ ಓರೆ ಮಾಡಿ ನಿಲ್ಲುತ್ತಿದ್ದವರು ಸ್ವಲ್ಪ ದಿನ ಹಾಗೆಯೇ ನಿಂತರು. ಆಮೇಲೆ ಬರುವುದನ್ನು ನಿಲ್ಲಿಸಿದರು.

ದೂಮಣ್ಣನ ಮಗಳ ಮದುವೆ ತಡವಾಗಿಯಾದರೂ ಆಯಿತು. ಕೆಲವು ವರ್ಷ ಅವನು ಬೇಸಗೆಯಲ್ಲಿ ಮೇಳ, ಮಳೆಯಲ್ಲಿ ಬೀಡಿ ಎಂದು ನಡೆಸಿದ. ಹೊಗೆಸೊಪ್ಪಿನ ಹುಡಿಗೆ ಸ್ವರ ಕೆಟ್ಟಿತು. ಮೇಳ ಬಿಟ್ಟು ಮಗಳೊಟ್ಟಿಗೆ ಶಿವಮೊಗ್ಗದ ಕಡೆಗೆ ಹೋದ. ತೀರಿಕೊಂಡ ಸುದ್ದಿ ನನಗೆ ತಲುಪುವಾಗ ವರ್ಷ ಕಳೆದಿತ್ತು. ನಾನು ಆಮೇಲೆ ಎಷ್ಟೋ ಜನರ ಜೊತೆ ಕೆಲಸ ಮಾಡಿದೆ. ಮಳೆಗಾಲದಲ್ಲಿ ಶಾಲೆ ಬಿಡುವ ಗಂಟೆ ಕೇಳಿದರೆ ಮಾತ್ರ ನನಗೆ ಅವನೊಬ್ಬನೇ ಬೇಕೆನಿಸುತ್ತದೆ. ಒದ್ದೆ ಕೊಡೆ, ಒದ್ದೆ ಮುಂಡು, ಆ ಹೊಟ್ಟೆ. ಇನ್ನೊಂದು ಸಲ ಅವನ ಹಿಂದೆ ಡಬ್ಬ ಹೊತ್ತು ನಡೆಯಲು ಸಿಗುವುದಾದರೆ ನಾನು ನಾಳೆಯೇ ಹೊರಟೇನು, ಈ ಮೊಣಕಾಲನ್ನು ಎಳೆದುಕೊಂಡಾದರೂ.

ಈಚೆಗೆ ನನ್ನ ಕಿವಿ ಮಂದವಾಗಿದೆ. ಗಟ್ಟಿಯಾಗಿ ಮಾತಾಡಿದರೆ ಕೇಳಿಸುತ್ತದೆ. ಸಣ್ಣ ಶಬ್ದಗಳೆಲ್ಲ ಹೋಗಿವೆ. ಕಳೆದ ಮಳೆಗಾಲದಲ್ಲಿ ಮೆಲ್ಕಾರಿನ ಕಿವಿ ಡಾಕ್ಟ್ರಲ್ಲಿಗೆ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಹೆಂಗಸು, ಅವರ ಆಚೆ ಪೇಪರು ಓದುತ್ತಿದ್ದ ಅವರ ಗಂಡ. ಆಕೆ ಚೀಲದಿಂದ ಬಿಸ್ಕತ್ತಿನ ಪ್ಯಾಕೆಟ್ ತೆಗೆದರು. ಒಂದನ್ನು ಗಂಡನ ಕಿವಿಯ ಹತ್ತಿರ ಹಿಡಿದು ಮುರಿದರು. ಗಂಡ ಪೇಪರಿನಿಂದ ಕಣ್ಣೆತ್ತದೆ ಏನೋ ಅಂದು, ಅಂಗೈ ಮುಂದೆ ಮಾಡಿದರು. ಅರ್ಧ ಅವರ ಅಂಗೈಗೆ ಬಿತ್ತು.

ನಾನು ಅವರ ಕಡೆ ತಿರುಗಿ ಕೂತೆ. "ಅಮ್ಮ, ಇದು ಎಲ್ಲಿ ಕಲಿತದ್ದು?" ಎಂದೆ.

ಆಕೆ ನನ್ನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು: "ಕಲಿಯುವುದೆಂತದ್ದು? ಬಿಸ್ಕುಟು ತಿನ್ನುವ ಕ್ರಮವೇ ಹಾಗಲ್ವಾ? ನಮ್ಮ ಊರಲ್ಲಿ ಮೊದಲಿಂದಲೂ ಉಂಟು. ನನ್ನ ಮೊಮ್ಮಕ್ಕಳೂ ಹಾಗೇ ಮಾಡ್ತಾರೆ."

"ನಿಮ್ಮ ಊರು?"

"ಬೆಳ್ತಂಗಡಿ."

ದೂಮಣ್ಣನ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ನನಗೂ ಬೇಕೇನೋ ಎಂದು ಆಕೆ ತಿಳಿದುಕೊಂಡರು. ನಗುತ್ತಾ ಇನ್ನೊಂದು ಬಿಸ್ಕತ್ತು ತೆಗೆದು, ನನ್ನ ಕಿವಿಯ ಪಕ್ಕಕ್ಕೆ ತಂದು, ಮುರಿದರು. ಬೆರಳುಗಳು ಬೇರೆಯಾದದ್ದು ಕಂಡಿತು. ಶಬ್ದ ಮಾತ್ರ ನನ್ನವರೆಗೆ ಬರಲಿಲ್ಲ.

"ಕೇನುಂಡಾ?" ಎಂದರು ಆಕೆ.

"ಕೇನುಂಡು," ಎಂದು ನಾನು ಕೈ ಚಾಚಿದೆ.